ಕೊಟ್ಟೂರಿನ ಪಾಲಾಕ್ಷಪ್ಪ ಬೈಗುಳಗಳನ್ನು ಉಳಿಸಿದ್ದು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂರುಗಳಲ್ಲಿ ಕೆಟ್ಟು ಕೂತ ಕಂಪ್ಯೂಟರುಗಳು ಪಾಲಾಕ್ಷಪ್ಪನ ಮೊಪೆಡ್ಡಿನ ಸದ್ದು ಕೇಳಿದರೇ ಅರ್ಧ ವಾಸಿಯಾಗುತ್ತವೆ ಎಂಬ ಮಾತು ಚಾಲ್ತಿಯಲ್ಲಿತ್ತು. ಆ ಮಾತನ್ನು ಚಾಲ್ತಿಗೆ ಬಿಟ್ಟವನು ಪಾಲಾಕ್ಷಪ್ಪನೇ. ಉಳಿದರ್ಧ ಹೇಗೆ ವಾಸಿಯಾಗುತ್ತದೆ ಎಂದು ಯಾರಾದರೂ ಕೇಳಿದರೆ ಆತ ಮೀಸೆಯ ತುದಿ ಮುಟ್ಟಿಕೊಂಡು ಸುಮ್ಮನೆ ನಗುತ್ತಿದ್ದ. ವೀರರು ತಮ್ಮ ಯುದ್ಧದ ಗುಟ್ಟನ್ನು ಬೀದಿಯಲ್ಲಿ ಹೇಳುವುದಿಲ್ಲ.

ಆತನ ಅಜ್ಜ ಮುನ್ನೂರು ಕುರಿ ಕಾಯ್ದವನು. ಅಪ್ಪ ನೂರು ಕಾಯ್ದ. ಪಾಲಾಕ್ಷಪ್ಪನ ಪಾಲಿಗೆ ಬರುವ ಹೊತ್ತಿಗೆ ಕುರಿಗಳು ತೀರಿ, ತಂತಿ ಸುತ್ತುವ ಕೆಲಸ ಉಳಿದಿತ್ತು. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಇಪ್ಪತ್ತು ವರ್ಷ ತಾಮ್ರದ ತಂತಿ ಸುತ್ತಿದ. ಎರಡು ಸಾವಿರನೇ ಇಸವಿಯ ಸುಮಾರಿಗೆ ಯಾರೋ ಒಬ್ಬರು ಕಂಪ್ಯೂಟರೊಂದನ್ನು ತಂದು "ಇದರಾಗೂ ಫ್ಯಾನ್ ಐತಂತ, ತಿರುಗವಲ್ದು" ಎಂದರು. ಪಾಲಾಕ್ಷಪ್ಪ ಒಳಗಿದ್ದ ಜೇಡವನ್ನು ಹೊರಗೆ ಹಾಕಿದ, ಫ್ಯಾನು ತಿರುಗಿತು, ಕಂಪ್ಯೂಟರ್ ಎದ್ದಿತು. ಅಂದು ಸಂಜೆಯೇ ಅಂಗಡಿಯ ಬೋರ್ಡಿನಲ್ಲಿ 'ಮೋಟರ್ ವೈಂಡಿಂಗ್' ಎಂಬುದರ ಪಕ್ಕ 'ಮತ್ತು ಕಂಪ್ಯೂಟರ್' ಎಂದು ಸೇರಿತು. ಒಂದು ಜೇಡದ ಮೇಲೆ ಕಟ್ಟಿದ ಸಾಮ್ರಾಜ್ಯ ಅದು.

ಸಾಮ್ರಾಜ್ಯಕ್ಕೆ ಒಂದೇ ಒಂದು ಬಿರುಕು. 'ಗೊತ್ತಿಲ್ಲ' ಎಂಬ ಮಾತು ಆತನ ಬಾಯಿಂದ ಹುಟ್ಟುತ್ತಿರಲಿಲ್ಲ. ರೋಗ ತಿಳಿಯದಾಗ ಗೋಡೆಯ ಕಡೆ ನೋಡಿ "ಅರ್ಥಿಂಗ್ ಸರಿ ಇಲ್ಲ" ಎನ್ನುತ್ತಿದ್ದ. ಮನೆಯವರು ಹಿತ್ತಲಿಗೆ ಓಡಿ ಅರ್ಥಿಂಗ್ ಗುಂಡಿಗೆ ಎರಡು ಕೊಡ ನೀರು, ಒಂದು ಹಿಡಿ ಉಪ್ಪು ಹಾಕಿ ಬರುವಷ್ಟರಲ್ಲಿ ಆತನಿಗೆ ಏನಾದರೊಂದು ಹೊಳೆದಿರುತ್ತಿತ್ತು. ಉಚ್ಚಂಗಿದುರ್ಗದಲ್ಲಿ ಒಬ್ಬರ ಪ್ರಿಂಟರಿನ ಮಸಿ ಮುಗಿದಿದ್ದಾಗಲೂ ಅರ್ಥಿಂಗ್ ಗುಂಡಿಗೆ ನೀರು ಬಿದ್ದಿತ್ತು. ಆ ಬೇಸಿಗೆಯಲ್ಲಿ ಗುಂಡಿಯ ಪಕ್ಕದ ಕರಿಬೇವು ಚೆನ್ನಾಗಿ ಚಿಗುರಿತಂತೆ.

ಇಂಥವನಿಗೆ ಒಂದು ದಿನ ಪತ್ರಿಕೆಯೊಂದರ ಜತೆ ಬಿಟ್ಟಿಯಾಗಿ ಬಂದ ಲಿನಕ್ಸ್ ಸಿಡಿ ಸಿಕ್ಕಿತು. ಹಾಕಿ ನೋಡಿದ. ವೈರಸ್ಸಿನ ಕಾಟವಿಲ್ಲ, ಯಾರನ್ನೂ ಕೇಳಬೇಕಿಲ್ಲ, ಒಳಗೆಲ್ಲ ತೆರೆದೇ ಇದೆ, ಮೋಟರು ಬಿಚ್ಚಿದ ಹಾಗೆ ಬಿಚ್ಚಬಹುದು. ಪಾಲಾಕ್ಷಪ್ಪ ಅಂದೇ ದೀಕ್ಷೆ ತೆಗೆದುಕೊಂಡವನಂತಾದ. ಮುಂದಿನ ಎರಡು ವರ್ಷ ಐದೂರುಗಳಲ್ಲಿ ಕಂಡ ಕಂಡ ಕಂಪ್ಯೂಟರಿಗೆ ಲಿನಕ್ಸ್ ಹಾಕುವುದೇ ಅವನ ದಿಗ್ವಿಜಯ. ಆ ದಿಗ್ವಿಜಯದಲ್ಲಿ ಇನ್ನೂ ಬಗ್ಗದೆ ಉಳಿದಿದ್ದ ಕೋಟೆಯೆಂದರೆ ಹಗರಿಬೊಮ್ಮನಹಳ್ಳಿಯ ಶಿವಯೋಗಪ್ಪ ಮೇಷ್ಟ್ರ ಮನೆ.

ಶಿವಯೋಗಪ್ಪ ಮೇಷ್ಟ್ರು ಪಾಲಾಕ್ಷಪ್ಪನಿಗೆ ಐದನೇ ಇಯತ್ತೆ ಕಲಿಸಿದವರು. ಮೂವತ್ತನಾಲ್ಕು ವರ್ಷ ಮಕ್ಕಳನ್ನು ಬೈದು ನಿವೃತ್ತರಾದ ಮೇಲೆ ಬೈಯಲು ಯಾರೂ ಇಲ್ಲದೆ ಒಂದು ತಿಂಗಳು ಕಳೆಗುಂದಿದ್ದರು. ಆಮೇಲೆ ಅವರಿಗೊಂದು ಮಹತ್ಕಾರ್ಯ ಹೊಳೆಯಿತು. ಬಸ್‌ಸ್ಟ್ಯಾಂಡು, ನಲ್ಲಿಯ ಸಾಲು, ದನದ ಸಂತೆ, ಬೀಗರ ಜಗಳ ಎಲ್ಲಿ ನಾಲಿಗೆ ಬಿಚ್ಚಿಕೊಳ್ಳುತ್ತದೋ ಅಲ್ಲೆಲ್ಲ ನಿಂತು, ಬಸ್ ಟಿಕೇಟಿನ ಬೆನ್ನಿಗೆ ಬರೆದುಕೊಂಡು, ಮನೆಗೆ ಬಂದು ಟೈಪು ಮಾಡಿ, ಆರು ವರ್ಷದಲ್ಲಿ 'ಐದೂರಿನ ಬೈಗುಳಗಳ ನಿಘಂಟು' ಸಿದ್ಧಪಡಿಸಿದ್ದರು. ನಾಲ್ಕು ಸಾವಿರದ ಇನ್ನೂರು ಬೈಗುಳ. ಪ್ರತಿಯೊಂದಕ್ಕೂ ಅರ್ಥ, ಯಾರು ಯಾರಿಗೆ ಬೈಯುವುದು, ಯಾವ ಸಂದರ್ಭ, ಕೊನೆಗೆ ತೂಕ: ಹಗುರ, ನಡುಮಧ್ಯ, ಭಾರಿ. ಮೂರನೇ ಒಂದು ಭಾಗ ತನ್ನ ಬಾಯಿಂದಲೇ ಹೋದದ್ದು, ಆದರೂ ಮೊದಲ ಪುಟದಲ್ಲಿ ತನ್ನ ಹೆಸರಿಲ್ಲ ಎಂಬುದು ಅವರ ಹೆಂಡತಿ ತಿಪ್ಪೇರುದ್ರಮ್ಮನ ತಕರಾರು. ಟೈಪಾದ ಚೀಟಿಗಳನ್ನೆಲ್ಲ ಆಕೆ ನೀರೊಲೆಗೆ ಹಾಕಿ ಮುಗಿಸಿದ್ದಳು. ಆದ್ದರಿಂದ ನಿಘಂಟು ಈ ಭೂಮಿಯ ಮೇಲೆ ಇದ್ದದ್ದು ಒಂದೇ ಕಡೆ, ಮೇಷ್ಟ್ರ ಕಂಪ್ಯೂಟರಿನಲ್ಲಿ.

ಬೇರೆ ಪ್ರತಿ ಮಾಡಿಡಲಿಲ್ಲವೇಕೆ ಎಂದರೆ ಅದಕ್ಕೂ ಪಾಲಾಕ್ಷಪ್ಪನೇ ಕಾರಣ. ಆ ಕಂಪ್ಯೂಟರನ್ನು ಹುಬ್ಬಳ್ಳಿಯಲ್ಲಿ ಜೋಡಿಸಿದವರು ಒಳಗೆ ಎರಡು ಡಿಸ್ಕು ಕೂರಿಸಿ, 'ರೇಡ್' ಮಾಡಿದ್ದೇವೆ ಎಂದು ಹೇಳಿ ಕಳಿಸಿದ್ದರು. ಹಾಗೆಂದರೇನು ಎಂದು ಮೇಷ್ಟ್ರು ಹಿಂದಿನ ವರ್ಷ ಕೇಳಿದಾಗ ಪಾಲಾಕ್ಷಪ್ಪನಿಗೆ ತಿಳಿದಿರಲಿಲ್ಲ. ತಿಳಿದಿಲ್ಲ ಎನ್ನುವವನೂ ಅಲ್ಲ.

"ಜೋಡೆತ್ತು ಇದ್ದಂಗ್ರಿ ಮೇಷ್ಟ್ರೇ," ಎಂದಿದ್ದ. "ಇದರಾಗ ಬರೆದದ್ದೆಲ್ಲ ಅದರಾಗೂ ಬರಕೊಂತೈತಿ. ಒಂದು ಎತ್ತು ಕುಂಟಿದ್ರ ಇನ್ನೊಂದು ಎಳಿತೈತಿ. ನೀವು ನಿಶ್ಚಿಂತಿ ಇರ್ರಿ."

ಮೇಷ್ಟ್ರು ನಿಶ್ಚಿಂತೆಯಿಂದ ಇದ್ದರು.

ಎರಡು ಸಾವಿರದ ಏಳರ ದಸರೆಗೆ ಮುಂಚೆ ಯಾರದೋ ಪೆನ್‌ಡ್ರೈವಿನಿಂದ ವೈರಸ್ ಹತ್ತಿ ಮೇಷ್ಟ್ರ ಕಂಪ್ಯೂಟರ್ ಏದುಸಿರು ಬಿಡತೊಡಗಿತು. ಪಾಲಾಕ್ಷಪ್ಪ ಇದೇ ಸಮಯವೆಂದು ಲಿನಕ್ಸಿನ ಮಾತೆತ್ತಿದ. ಕೋಟೆಯ ಬಾಗಿಲು ತೆರೆಯಿತು. ದಸರೆ ಮುಗಿದ ಮರುದಿನ ಒಳ್ಳೆಯದೆಂದು ನಿಶ್ಚಯವಾಯಿತು.

ಆ ದಿನ ಬೆಳಿಗ್ಗೆ ಹತ್ತಕ್ಕೆ ಪಾಲಾಕ್ಷಪ್ಪ ಬಂದಾಗ ಕಂಪ್ಯೂಟರಿನ ಹಣೆಗೆ ಮೂರೆಳೆ ವಿಭೂತಿ, ಮೇಲೆ ಚೆಂಡುಹೂವು. ತಿಪ್ಪೇರುದ್ರಮ್ಮ ಬನ್ನಿ ಎಲೆ ಕೊಟ್ಟು "ಬಂಗಾರದಂಗ ಇರಪಾ" ಎಂದಳು. ಮೇಷ್ಟ್ರ ಮುಖ ಮಾತ್ರ ಬಂಗಾರದ ಹಾಗಿರಲಿಲ್ಲ.

"ಲೇ ಪಾಲಾಕ್ಷಿ, ಮುಂಜಾನಿಂದ ಇದು ಏಳವಲ್ದು. ಕರೇ ಪರದಿ ಮ್ಯಾಲ ಒಂದು ಸಾಲು ಇಂಗ್ಲೀಷ್ ಬರದು ಸುಮ್ನ ಕುಂತೈತಿ."

ಪಾಲಾಕ್ಷಪ್ಪ ಗೋಡೆಯ ಕಡೆ ನೋಡಿದ. "ಅರ್ಥಿಂಗ್ ಇರಬೇಕ್ರಿ."

"ಮೊನ್ನಿನ ಎರಡು ಕೊಡ ಹಾಕೀನಿ," ಎಂದಳು ತಿಪ್ಪೇರುದ್ರಮ್ಮ. "ಬ್ಯಾರೆ ಹೇಳು."

"ಹಂಗಾದ್ರ ವೈರಸ್ಸು ಪೂರಾ ತಿಂದೈತಿ. ತಿನ್ಲಿ ಬಿಡ್ರಿ. ಹೆಂಗೂ ಒಂದು ಡಿಸ್ಕು ಅಳಿಸೋದ ಐತಿ. ಇನ್ನೊಂದರಾಗ ನಿಮ್ಮ ನಿಘಂಟು ಕಲ್ಲಿನಂಗ ಕುಂತಿರತೈತಿ."

ಲಿನಕ್ಸ್ ಸಿಡಿ ಒಳಗೆ ಹೋಯಿತು. ಅದು ಡಿಸ್ಕಿಗೆ ಕೈ ಹಚ್ಚದೆ ಸಿಡಿಯಿಂದಲೇ ಎದ್ದು ನಿಲ್ಲುವ ಜಾತಿಯದು. ಎಲ್ಲಿ ಕೂರಿಸಲಿ ಎಂದು ಕೇಳಿ, ಎಂಬತ್ತು ಜೀಬಿಯ ಎರಡು ಡಿಸ್ಕುಗಳನ್ನು ತೋರಿಸಿತು. ಪಾಲಾಕ್ಷಪ್ಪ ಮೇಷ್ಟ್ರ ಕಡೆ ತಿರುಗಿ, ನೋಡಿದಿರಾ ಜೋಡೆತ್ತು ಎಂಬಂತೆ ಹುಬ್ಬು ಹಾರಿಸಿದ. ಮೊದಲನೆಯದನ್ನು ಆರಿಸಿದ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಪರದೆ ಕೇಳಿತು. ಪಾಲಾಕ್ಷಪ್ಪ ಬೆರಳನ್ನು ಗದೆಯಂತೆ ಮೇಲೆತ್ತಿದ.

ಆ ಹೊತ್ತಿಗೆ ತಿಪ್ಪೇರುದ್ರಮ್ಮ ಮಂಡಕ್ಕಿ, ಮಿರ್ಚಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ತಡಿ," ಎಂದಳು. "ಒಂದು ಕೊಡ ಚೆಲ್ಲೋಕಿಂತ ಮೊದ್ಲ ಇನ್ನೊಂದರಾಗ ನೀರು ಐತೇನು ಬಗ್ಗಿ ನೋಡ್ತಾರ. ನೋಡೀಯೇನು?"

"ಇರತೈತ್ರಿ ಅಮ್ಮಾರ."

"ಐತೋ, ಇರತೈತೋ?"

ಆಕೆಯನ್ನು ಸಮಾಧಾನಪಡಿಸಲೆಂದು ಪಾಲಾಕ್ಷಪ್ಪ ಎರಡನೇ ಡಿಸ್ಕನ್ನು ತೆರೆಯಹೋದ. ಇದರೊಳಗೆ ಗುರುತು ಸಿಗುವ ಕಡತ ಯಾವುದೂ ಇಲ್ಲ ಎಂದಿತು ಲಿನಕ್ಸ್. ಮೊದಲನೆಯದನ್ನು ಮುಟ್ಟಿದ. ಅದರ ತಲೆಯಲ್ಲಿ ಬರೆದ ಅಳತೆಗೂ ಡಿಸ್ಕಿನ ಅಳತೆಗೂ ಹೊಂದುತ್ತಿಲ್ಲ, ತೆರೆಯಲಾಗದು ಎಂದಿತು. ಪಾಲಾಕ್ಷಪ್ಪನ ಬೆರಳು ಗದೆಯಿಂದ ಬೆರಳಾಗಿ ಮಡಿಲಿಗೆ ಇಳಿಯಿತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಆರು ವರ್ಷ, ಪಾಲಾಕ್ಷಿ," ಎಂದರು. ಅಷ್ಟೇ. ಬೈದಿದ್ದರೆ ಪಾಲಾಕ್ಷಪ್ಪನಿಗೆ ಹಗುರವಾಗುತ್ತಿತ್ತು. ನಾಲ್ಕು ಸಾವಿರದ ಇನ್ನೂರು ಬೈಗುಳದ ಒಡೆಯರು ಒಂದನ್ನೂ ಖರ್ಚು ಮಾಡಲಿಲ್ಲ.

ಆತ ಶರ್ಟಿನ ತೋಳು ಮಡಚಿದ. ಕಡತದ ಹೆಸರು ಕಾಣದಿದ್ದರೂ ಡಿಸ್ಕಿನ ಮೇಲೆ ಬಿದ್ದ ಅಕ್ಷರ ಹಾಗೇ ಇರುತ್ತದೆ, ತುದಿಯಿಂದ ತುದಿಗೆ ಜಾಲಾಡಬಹುದು. ಆದರೆ ಹುಡುಕುವುದೇನನ್ನು? ಮೇಷ್ಟ್ರ ಕನ್ನಡ ಹಳೆಯ ಫಾಂಟಿನದು. ಫಾಂಟು ತಪ್ಪಿದರೆ ಟೋಪಿ ಹಾಕಿದ, ಚುಕ್ಕೆ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳ ದೊಂಬಿಯಾಗಿ ಕಾಣುವಂಥದ್ದು.

"ಇಂಗ್ಲೀಷಿನಾಗ ಏನಾರ ಬರದೀರೇನ್ರಿ ಒಳಗ?"

ಮೇಷ್ಟ್ರು ಸ್ವಲ್ಪ ನಾಚಿದರು. "ಮೊದಲ್ನೇ ಪುಟದಾಗ ನನ್ನ ಹೆಸರು. ಅದರ ಮುಂದ ರಿಟೈರ್ಡ್ ಹೆಡ್‌ಮಾಸ್ಟರ್ ಅಂತ."

"ನನ್ನ ಹೆಸರಿಗೆ ಮಾತ್ರ ಜಾಗ ಇದ್ದಿದ್ದಿಲ್ಲ," ಎಂದಳು ತಿಪ್ಪೇರುದ್ರಮ್ಮ.

ರಿಟೈರ್ಡ್ ಹೆಡ್‌ಮಾಸ್ಟರನ್ನು ಹುಡುಕಲು ಲಿನಕ್ಸನ್ನು ಅಟ್ಟಿದ. ಎರಡನೇ ಡಿಸ್ಕಿನಲ್ಲಿ ಅವರು ಸಿಗಲಿಲ್ಲ. ಅಲ್ಲಿಗೆ ಮಂಡಕ್ಕಿಯ ಅರ್ಧ ತಟ್ಟೆ ಖಾಲಿಯಾಯಿತು. ಮೊದಲನೇ ಡಿಸ್ಕಿನಲ್ಲಿ ಹುಡುಕುತ್ತ ಮಿರ್ಚಿಯೂ ಮುಗಿಯಿತು, ಚಹಾ ಎರಡು ಸಲ ಆಯಿತು, ಕೊನೆಗೆ ಹೆಡ್‌ಮಾಸ್ಟರ್ ಸಿಕ್ಕರು. ಕೆಳಗೆ ಪುಟಗಟ್ಟಲೆ ಅಕ್ಷರಗಳ ದೊಂಬಿ. ಫಾಂಟು ಆಗಾಗ ಕೈಕೊಟ್ಟು ಕೊಟ್ಟು ಮೇಷ್ಟ್ರಿಗೆ ಈ ದೊಂಬಿಯನ್ನು ಓದುವುದು ಬಾಯಿಪಾಠವಾಗಿತ್ತು. ಪರದೆಗೆ ಮೂಗು ತಾಗುವ ಹಾಗೆ ಬಗ್ಗಿ ಓದತೊಡಗಿದರು.

"ಅಬ್ಬೇಪಾರಿ. ಅರೆಹುಚ್ಚ. ಆಕಳಿಕಿ ಸಿದ್ಧ. ಇದ್ದಾವ ಲೇ, ಇದ್ದಾವ. ಉಂಡಾಡಿ. ಉಡಾ..." ಮೇಷ್ಟ್ರು ನಿಂತರು. "ಉಡಾ ಆದ ಕೂಡ್ಲೇ ಗಾಂಪ ಬಂತು. ಎ, ಒ, ಕ ಎಲ್ಲಿ ಹೋದವು? ಕಮಂಗಿ ಎಲ್ಲಿ?"

ಪಾಲಾಕ್ಷಪ್ಪ ಮೊದಲ ಡಿಸ್ಕಿನಲ್ಲಿ ಅದು ಎಷ್ಟನೇ ಜಾಗವೆಂದು ಗುರುತು ಹಾಕಿಕೊಂಡು, ಎರಡನೇ ಡಿಸ್ಕಿನಲ್ಲಿ ಅದೇ ಜಾಗಕ್ಕೆ ಹೋಗಿ ತೆರೆದ.

"ಳ," ಎಂದು ಓದಿದರು ಮೇಷ್ಟ್ರು. "ಉಡಾಳನ ಳ ಇಲ್ಲಿ ಐತಿ. ಎಡಬಿಡಂಗಿ. ಕಮಂಗಿನೂ ಇಲ್ಲೇ ಅದಾನ. ಖೋಡಿ. ಮುಂದ ಮತ್ತ ಜಿಗಿದು ತಿರುಬೋಕಿಗೆ ಹೋತು."

ಪಾಲಾಕ್ಷಪ್ಪನ ಜೋಡೆತ್ತಿನ ಸಿದ್ಧಾಂತ ಅಲ್ಲೇ ಮುಗ್ಗರಿಸಿ ಬಿದ್ದಿತ್ತು. ಇದು ಪ್ರತಿಯಲ್ಲ. ಒಂದೇ ನಿಘಂಟನ್ನು ತುಂಡು ಮಾಡಿ ಒಂದು ತುಂಡು ಇದಕ್ಕೆ, ಮುಂದಿನ ತುಂಡು ಅದಕ್ಕೆ ಎಂದು ಹಂಚಿದ್ದಾರೆ. ಒಂದು ಡಿಸ್ಕು ಅಳಿಸಿದ್ದರೆ ಇನ್ನೊಂದರಲ್ಲಿ ಉಳಿಯುತ್ತಿದ್ದುದು ಳ.

ತಿಪ್ಪೇರುದ್ರಮ್ಮನ ತವರು ಹಡಗಲಿ. ಮಲ್ಲಿಗೆ ಕಟ್ಟುತ್ತಲೇ ಬೆಳೆದವಳು. ಆಕೆಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

"ಮಾಲಿ ಕಟ್ಟಿದಂಗಾತು. ಎರಡು ಮೊಗ್ಗು ಈ ಕಡೆ, ಎರಡು ಮೊಗ್ಗು ಆ ಕಡೆ, ನಡುವ ದಾರ. ದಾರ ಇದ್ರ ಮಾಲಿ, ಕಿತ್ರ ಎರಡು ಗುಂಪಿ ಹೂವು. ನಿಮ್ಮದಕ್ಕ ದಾರ ಯಾವುದು? ಅದನ್ನ ಯಾರು ಕಿತ್ರು?"

ಪಾಲಾಕ್ಷಪ್ಪ ಗೋಡೆಯ ಕಡೆ ನೋಡಿದ. ಗೋಡೆ ನೆರವಿಗೆ ಬರಲಿಲ್ಲ. ಐದೂರುಗಳ ಗೆಲುವು, ಜೇಡದ ಸಾಮ್ರಾಜ್ಯ, ಮೀಸೆಯ ತುದಿ ಎಲ್ಲವೂ ಒಟ್ಟಾಗಿ ದಾರಿಗೆ ಅಡ್ಡ ನಿಂತವು. ಅವನ್ನು ದಾಟಿ ಹೊರಬಂದ ಮಾತು ಬಹಳ ಸಣ್ಣದಾಗಿತ್ತು.

"ನನಗ ಗೊತ್ತಿಲ್ರಿ."

ಮೇಷ್ಟ್ರು ಆತನನ್ನೇ ನೋಡಿದರು. "ಐದನೇ ಇಯತ್ತ್ಯಾಗ ಇದ್ದಾಗ ಈ ಮಾತು ಹೇಳಿದ್ರ ಅವಾಗ ಕಲಿಸ್ತಿದ್ನೆಲ್ಲೋ," ಎಂದು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಬಾ, ಈಗ ಕೂಡೇ ಹುಡುಕೂನು. ನಿನ್ನಿ ಮೊನ್ನಿಗಿ ಇಲ್ಲದ್ದು ಇವತ್ತು ಏನೈತಿ ನೋಡು."

ಒಂದೊಂದಾಗಿ ನೋಡಿದರು. ತಂತಿಗಳು ಇದ್ದಲ್ಲೇ ಇದ್ದವು. ಡಿಸ್ಕುಗಳು ಬೆಚ್ಚಗಿದ್ದವು. ಪಾಲಾಕ್ಷಪ್ಪನ ಕಣ್ಣು ಪರದೆಯ ಮೂಲೆಯ ಗಡಿಯಾರದ ಮೇಲೆ ಬಿತ್ತು. ಅದರ ಪ್ರಕಾರ ಅಂದು ಎರಡು ಸಾವಿರದ ನಾಲ್ಕರ ಜನವರಿ ಒಂದು.

"ಇದರ ಹೊತ್ತು ಹಿಂದಕ್ಕ ಹೋಗೈತ್ರಿ. ಒಳಗ ಒಂದು ಬಿಲ್ಲಿ ಇರತೈತಿ, ಬಟನ್ ಸೆಲ್ಲು. ಅದು ಸತ್ರ, ಇಲ್ಲಾ ಯಾರರ ತಗದ್ರ ಮಾತ್ರ ಹಿಂಗಾಗತೈತಿ. ಯಾರು ತಗೀತಾರ ಅದನ್ನ?"

"ನಾನು," ಎಂದಳು ತಿಪ್ಪೇರುದ್ರಮ್ಮ.

ಮೇಷ್ಟ್ರು ಬಾಯಿ ತೆರೆದರು. ಆಕೆ ಅವರಿಗೆ ಅವಕಾಶ ಕೊಡಲಿಲ್ಲ.

"ಆಯುಧ ಪೂಜಿ ದಿನ ದುಡಿಯೋ ಸಾಮಾನಿಗೆ ರಜಾ. ಕುಡಗೋಲು ಮುಟ್ಟಲಿಲ್ಲ, ಈಳಗಿ ಮುಟ್ಟಲಿಲ್ಲ, ಹೊಲಿಗಿ ಮಿಷನ್ ಬೆಲ್ಟ್ ಬಿಚ್ಚಿದೆ. ಕಂಪ್ಯೂಟರ್ ಬಂದ್ ಮಾಡಿದ್ರೂ ಒಳಗ ಬಿಲ್ಲಿ ಕುಂತು ಹೊತ್ತು ಎಣಿಸ್ತಿರತೈತಿ, ಮೇಷ್ಟ್ರು ಮಲಗಿದ್ರೂ ಅದು ಮಲಗಂಗಿಲ್ಲ ಅಂತ ಹೋದ ವರ್ಷ ನೀನ ಬಾಗಿಲು ಬಿಚ್ಚಿ ತೋರಿಸಿದ್ದಿ. ವರ್ಷಪೂರ್ತಿ ದುಡಿದದ್ದಕ್ಕ ಒಂದು ದಿನ ಬಿಡುವು ಬ್ಯಾಡೇನು? ಚಿಮಟಿಗಿಲೆ ತಗದು, ಕುಂಕುಮ ಹಚ್ಚಿ, ಅಕ್ಕಿ ಮ್ಯಾಲ ಮಲಗಿಸಿದ್ದೆ. ನಿನ್ನಿ ಸಂಜಿಮುಂದ ಮತ್ತ ಮೊದಲ ಹೆಂಗಿತ್ತೋ ಹಂಗ ಒಳಗ ಕೂಡಿಸೀನಿ."

ಪಾಲಾಕ್ಷಪ್ಪ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಆದರೆ ಆ ಕೈಗಳ ನಡುವಿನ ತಲೆ ಬಹಳ ದಿನಗಳ ನಂತರ ನಿಜವಾಗಿ ಕೆಲಸ ಮಾಡತೊಡಗಿತ್ತು. ಬಿಲ್ಲೆ ಕಾಯುವುದು ಹೊತ್ತನ್ನು ಮಾತ್ರವಲ್ಲ. ಮದರ್‌ಬೋರ್ಡ್ ತನ್ನ ನೆನಪನ್ನೆಲ್ಲ ಅದರ ಆಸರೆಯಲ್ಲೇ ಇಟ್ಟುಕೊಂಡಿರುತ್ತದೆ. ಈ ಎರಡು ಡಿಸ್ಕನ್ನು ಒಂದೇ ಎಂದು ತಿಳಿಯಬೇಕು ಎಂಬ ಹುಬ್ಬಳ್ಳಿಯವರ ಅಪ್ಪಣೆಯೂ ಅಲ್ಲಿಯೇ ಇತ್ತು. ಬಿಲ್ಲೆ ಒಂದು ದಿನ ಮಲಗಿದಾಗ ಮದರ್‌ಬೋರ್ಡ್ ಅಪ್ಪಣೆ ಮರೆತು, ಎರಡನ್ನೂ ಬೇರೆ ಬೇರೆ ಮನೆ ಮಾಡಿಕೊಂಡ ಅಣ್ಣತಮ್ಮಂದಿರ ಹಾಗೆ ತೋರಿಸುತ್ತಿದೆ.

ಸಿಡಿ ತೆಗೆದು, ಕಂಪ್ಯೂಟರ್ ಏಳುವ ಮುನ್ನವೇ ಮದರ್‌ಬೋರ್ಡಿನ ಸೆಟ್ಟಿಂಗುಗಳ ಕೋಣೆಗೆ ಹೊಕ್ಕ. ನೀಲಿ ಪರದೆ. ಡಿಸ್ಕುಗಳ ಸಾಲಿನಲ್ಲಿ ರೇಡ್ ಎಂಬುದರ ಮುಂದೆ 'ಇಲ್ಲ' ಎಂದಿತ್ತು. 'ಹೌದು' ಮಾಡಿದ. ಹೊಸದಾಗಿ ಕಟ್ಟು ಎಂದು ಹೇಳಲಿಲ್ಲ, ಇದ್ದದ್ದನ್ನು ನೆನಪು ಮಾಡಿಕೋ ಎಂದಷ್ಟೇ ಹೇಳಿ ಹೊರಬಂದ. ಮೇಷ್ಟ್ರು ಕಣ್ಣು ಮುಚ್ಚಿದ್ದರು. ತಿಪ್ಪೇರುದ್ರಮ್ಮ ಮುಚ್ಚಿರಲಿಲ್ಲ.

"ಎರಡು ಹೋಗಿ ಒಂದಾತು," ಎಂದಳು.

ಪರದೆಯ ಮೇಲೆ ನೂರಾ ಅರವತ್ತು ಜೀಬಿಯ ಒಂದೇ ಡಿಸ್ಕು. ಎರಡನ್ನೂ ಒಂದು ಮಾಡಿದ ಕೂಡಿಕೆಯ ಗುರುತು ಡಿಸ್ಕುಗಳ ಮೈಮೇಲೂ ಇತ್ತು. ಯಾರೂ ಅದರ ಮೇಲೆ ಏನೂ ಬರೆಯದಿದ್ದರಿಂದ ಮಾಸಿರಲಿಲ್ಲ. ಹಳೆಯ ವಿಂಡೋಸ್ ಕೆಮ್ಮುತ್ತ, ವೈರಸ್ಸನ್ನು ಹೊತ್ತುಕೊಂಡೇ ಎದ್ದು ಕೂತಿತು. ನಿಘಂಟು ಇದ್ದಲ್ಲಿ ಇತ್ತು. ಮೇಷ್ಟ್ರು ಅದನ್ನು ತೆರೆದು ಉಡಾಳನನ್ನು ಹುಡುಕಿ, ಅವನ ಳ ಅವನಿಗೆ ಅಂಟಿಕೊಂಡಿದೆಯೆಂದು ಬೆರಳಿಟ್ಟು ನೋಡಿದರು.

ಪಾಲಾಕ್ಷಪ್ಪ ಮೊದಲು ಮಾಡಿದ ಕೆಲಸ ನಿಘಂಟನ್ನೂ ಅದರ ಫಾಂಟನ್ನೂ ನಾಲ್ಕು ಸಿಡಿಗೆ ಇಳಿಸಿದ್ದು. ಲಿನಕ್ಸಿಗೆ ಈ ಮದರ್‌ಬೋರ್ಡಿನ ಕೂಡಿಕೆ ಕಾಣುವುದಿಲ್ಲ, ಬಲವಂತ ಮಾಡಿ ತೋರಿಸಬಹುದಂತೆ, ಆದರೆ ಅದು ತನಗೆ ಗೊತ್ತಿಲ್ಲ ಎಂದು ಹೇಳಿದ. ಎರಡನೇ ಸಲ ಆ ಮಾತು ಅಷ್ಟು ಕಷ್ಟವಾಗಲಿಲ್ಲ. "ಕೂಡಿಕಿ ಬಿಚ್ಚಿ ಬಿಡತೀನ್ರಿ. ಒಂದರಾಗ ಲಿನಕ್ಸು, ಇನ್ನೊಂದರಾಗ ಖರೇನ ಪ್ರತಿ. ಈ ಸಲ ಕಣ್ಣಿಗೆ ಕಾಣೂವಂಗ."

"ಸಿಡಿದಾಗ ಪೂರ್ತಿ ಐತೇನು?" ಎಂದಳು ತಿಪ್ಪೇರುದ್ರಮ್ಮ.

ಇರತೈತಿ ಎನ್ನಲು ಹೋಗಿ ಪಾಲಾಕ್ಷಪ್ಪ ನಾಲಿಗೆ ಕಚ್ಚಿಕೊಂಡ. "ಓದಿ ನೋಡೂನ್ರಿ."

ಹೀಗೆ ಆ ಮಧ್ಯಾಹ್ನ ಹಗರಿಬೊಮ್ಮನಹಳ್ಳಿಯ ಒಂದು ಮರ್ಯಾದಸ್ಥ ಓಣಿಯಲ್ಲಿ ಐದೂರುಗಳ ಬೈಗುಳಗಳ ಸಾದ್ಯಂತ ಪಾರಾಯಣ ಶುರುವಾಯಿತು. ಮೇಷ್ಟ್ರು ಸಿಡಿಯಿಂದ ಗಟ್ಟಿಯಾಗಿ ಓದುವುದು, ತಿಪ್ಪೇರುದ್ರಮ್ಮ ನೆನಪಿನಿಂದ ಮುಂದಿನದನ್ನು ಹೇಳುವುದು, ಹೊಂದಿದರೆ ಪಾಲಾಕ್ಷಪ್ಪ 'ಹೂಂ' ಎನ್ನುವುದು. ಕ ಮುಗಿಯುವಷ್ಟರಲ್ಲಿ ಕಿಟಕಿಯ ಹೊರಗೆ ಎದುರು ಮನೆಯ ಎರ್ರೆಮ್ಮ ನಿಂತಿದ್ದಳು. ಗಂಡಹೆಂಡಿರ ಜಗಳವೆಂದು ಬಿಡಿಸಲು ಬಂದವಳು, ಅಕ್ಷರಾನುಕ್ರಮದಲ್ಲಿ ನಡೆದಿರುವುದನ್ನು ಕಂಡು ಬೆರಗಾಗಿ ಅಲ್ಲೇ ನಿಂತಳು. ಆಕೆಯ ಹಿಂದೆ ಸೈಕಲ್ ಅಂಗಡಿಯ ಪಕ್ಕೀರಪ್ಪ. ತ ಬರುವ ಹೊತ್ತಿಗೆ ಅರ್ಧ ಓಣಿ.

"ತಿರುಬೋಕಿ. ಅಲೆಮಾರಿ, ಮನಿ ಇಲ್ಲದವ. ತಾಯಿ ಮಗಗ ಬೈಯೋದು. ತೂಕ ಹಗುರ," ಎಂದು ಓದಿದರು ಮೇಷ್ಟ್ರು.

"ನಮ್ಮತ್ತಿ ನನ್ನ ಗಂಡಗ ಬೈದದ್ದು ಕೇಳಿದ್ರ ಹಗುರ ಅಂತಿದ್ದಿಲ್ಲ ನೀವು," ಎಂದಳು ಎರ್ರೆಮ್ಮ ಹೊರಗಿನಿಂದ. "ನಡುಮಧ್ಯ ಬರಕೊಳ್ರಿ."

ಮೇಷ್ಟ್ರು ಯೋಚಿಸಿದರು. "ಆತು. ಆಮ್ಯಾಲ ತಿದ್ದತೀನಿ. ಈಗ ಪರೀಕ್ಷಾ ನಡದೈತಿ."

ಇಳಿಹೊತ್ತಿಗೆ ಹ ಮುಗಿಯಿತು. ಒಂದೂ ತಪ್ಪಿರಲಿಲ್ಲ. ನಾಲ್ಕು ಸಾವಿರದ ಇನ್ನೂರೂ ಜೀವಂತ. ಗಂಟಲು ಬತ್ತಿದ ಮೇಷ್ಟ್ರು ಒಂದು ಚೊಂಬು ನೀರು ಕುಡಿದು, ಪಾಲಾಕ್ಷಪ್ಪನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಹೂಂ, ಈಗ ಅಳಸು" ಎಂದರು. ಪಾಲಾಕ್ಷಪ್ಪ ಕೂಡಿಕೆ ಬಿಚ್ಚಿ, ಲಿನಕ್ಸ್ ಸಿಡಿ ಹಾಕಿ, ತಿಪ್ಪೇರುದ್ರಮ್ಮನ ಮುಖ ನೋಡಿ, ಆಕೆ ತಲೆಯಾಡಿಸಿದ ಮೇಲೆ ಗುಂಡಿ ಒತ್ತಿದ. ಕೆಂಪು ಪಟ್ಟಿಯೊಂದು ಪರದೆಯ ಎಡದಂಚಿನಿಂದ ತೆವಳತೊಡಗಿತು. ಅದು ಬಲದಂಚು ಮುಟ್ಟಲು ಒಂದು ತಾಸು ಬೇಕು.

ಕಿಟಕಿಯಲ್ಲಿದ್ದವರು ಮಾತ್ರ ಕದಲಲಿಲ್ಲ. ಇಷ್ಟು ಕೇಳಿದ ಮೇಲೆ ಎಲ್ಲರಿಗೂ ತಮ್ಮ ಮನೆಯದು ಒಂದೊಂದು ಬಿಟ್ಟುಹೋದ ಹಾಗೆ ಕಂಡಿತ್ತು.

"ಮೇಷ್ಟ್ರೇ, ಗ ಆದಾಗ ಹೇಳಬೇಕಂದೆ, ನಾಚಿಕಿ ಆತು," ಎಂದ ಪಕ್ಕೀರಪ್ಪ. "ನಮ್ಮಪ್ಪ ನನಗ ಗಾಳಿ ಇಲ್ಲದ ಟ್ಯೂಬು ಅಂತಿದ್ದ. ಬಂದೈತೇನು ಅದು?"

"ಬಂದಿಲ್ಲ," ಎಂದು ಮೇಷ್ಟ್ರು ಎದ್ದೇ ನಿಂತರು. ಕಂಪ್ಯೂಟರ್ ಕೈಗೆ ಸಿಗುವಂತಿರಲಿಲ್ಲ. ಮೇಜಿನ ಮೇಲೆ ಚೀಟಿ ಇರಲಿಲ್ಲ. ಹೊರಗೆ ಎರ್ರೆಮ್ಮ ಆಗಲೇ ತನ್ನದನ್ನು ಶುರು ಮಾಡಿದ್ದಳು, ಅದು ಉದ್ದನೆಯದು. ಮೇಷ್ಟ್ರು ಲಿನಕ್ಸ್ ಸಿಡಿಯ ಹೊದಿಕೆಯನ್ನು ತಿರುವಿ ಬೋರಲಾಗಿಟ್ಟು, ಪಾಲಾಕ್ಷಪ್ಪನ ಜೇಬಿನಿಂದ ಪೆನ್ನು ಕಿತ್ತುಕೊಂಡು ಬರೆಯತೊಡಗಿದರು.

"ಸಾವಕಾಶ ಹೇಳಬೇ ಎರ್ರೆಮ್ಮ. ಮೊದಲಿಂದ. ಯಾರು, ಯಾರಿಗೆ?"

"ನಾನು, ನಮ್ಮ ಮನ್ಯಾಗಿನವರಿಗೆ."

"ತೂಕ?"

ಎರ್ರೆಮ್ಮ ಒಂದು ಗಳಿಗೆ ಯೋಚಿಸಿ, ಸೆರಗು ಸರಿಮಾಡಿಕೊಂಡು, "ಭಾರಿ," ಎಂದಳು.